ಗಂಗುಲಪ್ಪನ ಹಾಸಿಗೆ

ಚಂದ್ರಮೋಹನ ಮಂಡಿಯೂರಿ ಹಾಸಿಗೆ ಸುತ್ತುತ್ತಿದ್ದ. ಒಂದು ಸುತ್ತು ಸುತ್ತಿ, ಮೊಣಕಾಲಿನಿಂದ ಅದುಮಿ, ಮತ್ತೊಂದು ಸುತ್ತಿಗೆ ಕೈ ಹಾಕಿದಾಗ ಒಳಗೆಲ್ಲೋ ಒಣಗಿದ ಮುತ್ತುಗದ ಎಲೆ ಮುರಿದಂಥ ಸದ್ದಾಯಿತು.

“ಏನ್ ದೊಡ್ಡಮ್ಮ, ಹತ್ತಿ ಸಾಲ್ದೆ ರಾಗಿಹುಲ್ಲು ತುಂಬಿದ್ಯಾ?” ಎಂದು ಕೋಣೆಯೊಳಗಿಂದಲೇ ಕೂಗಿದ.

ಪಡಸಾಲೆಯಲ್ಲಿ ಗಂಡನ ಹೆಣದ ತಲೆಯ ಪಕ್ಕ ಕುಳಿತಿದ್ದ ಭಾರತಮ್ಮ ತಟ್ಟನೆ ಕೋಣೆಯ ಕಡೆ ತಿರುಗಿದಳು. ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಕದಿರಪ್ಪನೇ ಕೊಟ್ಟ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೆಗಲಿಗೆ ಟವಲು ಹಾಕಿಕೊಂಡು ಮುಂದೆ ನಿಲ್ಲುವ ಮನುಷ್ಯ ಅವನು.

“ಗಂಗುಲಣ್ಣ ಕದ್ದು ಬೀಡಿ ಸೇದ್ತಿದ್ನಲ್ಲ, ಕಟ್ಟುಗಳು ಅದ್ರೊಳ್ಗೇ ಇರ್ಬೇಕು. ಜೊತೇಲೇ ಹೋಗ್ಲಿ ಬಿಡಪ್ಪಾ, ಅಲ್ಲಿ ಸಿಗುತ್ತೋ ಇಲ್ವೋ.”

ಬಾಗಿಲಲ್ಲಿ ನಿಂತಿದ್ದ ಗಂಡಸರು ಸಾವಿನ ಮನೆಯಲ್ಲಿ ಎಷ್ಟು ನಗಬಹುದೋ ಅಷ್ಟು ನಕ್ಕರು.

ಆ ಹಾಸಿಗೆಯ ಅಡಿಮಗ್ಗುಲಿಗೆ ಭಾರತಮ್ಮನೇ ಒಂದು ಹಳೇ ಪಂಚೆಯನ್ನು ಚೀಲದ ಹಾಗೆ ಹೊಲಿದಿದ್ದಳು. ಅದರೊಳಗಿದ್ದದ್ದು ಬೀಡಿಯಲ್ಲ, ಹುಲ್ಲಲ್ಲ. ಗಂಗುಲಪ್ಪನ ತಾತ ದೊರೆಗಳ ಕಾಲದಲ್ಲಿ ಬರೆದ ಹೂವಿನ ಚಿತ್ರಗಳು. ಅವು ಅಲ್ಲಿವೆ ಅಂತ ಗೊತ್ತಿದ್ದವರು ಗಂಡ ಹೆಂಡತಿ ಇಬ್ಬರೇ. ಒಬ್ಬನಿಗೆ ಬೆಳಗಿನ ಜಾವ ಮಾತು ನಿಂತುಹೋಗಿತ್ತು. ಇನ್ನೊಬ್ಬಳಿಗೆ ಬಾಯಿದ್ದೂ ಆಡುವ ಹಾಗಿರಲಿಲ್ಲ. ಯಾಕೆಂದರೆ ಚಿತ್ರಗಳನ್ನು ಗೆದ್ದಲು ತಿಂದುಬಿಟ್ಟಿತು ಎಂದು ಗಂಗುಲಪ್ಪ ಕುರುಡುಮಲೆ ಗಣಪನ ಎದುರು, ಇದೇ ಚಂದ್ರಮೋಹನನ ಕಣ್ಣ ಮುಂದೆ, ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಪ್ರಮಾಣ ಮಾಡಿದ್ದ.

“ಮುಳಬಾಗಿಲ ಹೂವಿನ ಮಾರ್ಕೆಟ್ಟಲ್ಲಿ ‘ಗಂಗುಲಪ್ಪನ ಮೊಳ’ ಅಂತಲೇ ಕೇಳ್ತಿದ್ರು,” ಎಂದು ಜಗಲಿಯಲ್ಲಿ ಯಾರೋ ಹೇಳುತ್ತಿದ್ದರು. “ಎಲ್ರೂ ಮೊಣಕೈ ಮಡಚಿ ಅಳೆದ್ರೆ ಇವ್ನು ಬೆರಳು ತುದಿ ದಾಟಿಸಿ ಅಳೀತಿದ್ದ.”

“ಆ ಬಾಯಲ್ಲಿ ಒಂದ್ ಸುಳ್ಳು ಬಂದಿಲ್ಲ ಕಣಪ್ಪ.”

ಭಾರತಮ್ಮ ತಲೆ ತಗ್ಗಿಸಿದಳು. ಹೆಂಗಸರು ಮುತ್ತೈದೆಗೆ ಕೊನೆಯ ಸಿಂಗಾರವೆಂದು ಅವಳ ಕೆನ್ನೆಗೆ, ಕಾಲಿಗೆ ದಪ್ಪಗೆ ಅರಿಸಿನ ಬಳಿದು, ಮುಡಿ ತುಂಬ ಸೇವಂತಿಗೆ ಮುಡಿಸಿದ್ದರು. ಅರಿಸಿನ ಕಲಸಿದ ಬಟ್ಟಲು ಪಕ್ಕದಲ್ಲೇ ಇತ್ತು. ಒಳಗೆ ಹಗ್ಗ ಬಿಗಿಯುವ ಸದ್ದು. ಒಂದೊಂದು ಬಿಗಿತಕ್ಕೂ ಯಾವ ಹಾಳೆ ಎಲ್ಲಿ ಮಡಚಿತೋ ಎಂದು ಅವಳು ಕಿವಿಗೊಟ್ಟು ಕೇಳುತ್ತಿದ್ದಳು.

*

ಮದುವೆಯಾದ ಹೊಸತು. ದಸರಾ ಕಳೆದು ಗಾಳಿ ಒಣಗತೊಡಗಿದರೆ ಗಂಗುಲಪ್ಪ ಮರದ ಪೆಟ್ಟಿಗೆ ತೆಗೆದು ಹಾಳೆಗಳನ್ನು ಪಡಸಾಲೆಯ ನೆರಳಿನಲ್ಲಿ ಹರಡುತ್ತಿದ್ದ. ಬಿಸಿಲಿಗೆ ಇಡುವಂತಿಲ್ಲ, ಬಿಸಿಲು ಬಣ್ಣ ಕುಡಿಯುತ್ತದೆ. ಗುಲಾಬಿ, ಡೇಲಿಯಾ, ಕೋಳಿಜುಟ್ಟು, ಕರ್ಣಕುಂಡಲ; ಊರಲ್ಲಿ ಯಾರೂ ಕಂಡಿರದ, ಇಂಗ್ಲಿಷಿನಲ್ಲಿ ಮಾತ್ರ ಹೆಸರಿದ್ದ ಹೂಗಳು. ಹಾಳೆಯ ನಡುವೆ ಹೂ ನಿಂತಿರುತ್ತಿತ್ತು. ಅದರ ಕಾಲ ಬಳಿ ಅದರದೇ ಮೊಗ್ಗು, ನಡುವೆ ಸೀಳಿದ ಹೂ, ಬೀಜ, ಬೇರು.

“ಪಾಪ, ಹೂವನ್ನ ಯಾಕ್ರೀ ಹಿಂಗೆ ಸೀಳವ್ರೆ?” ಎಂದು ಭಾರತಮ್ಮ ಕೇಳಿದ್ದಳು.

“ಒಳಗೇನೈತೆ ಅಂತ ನೋಡೋಕೆ. ದೊರೆಸಾನಿಗೆ ಹಂಗೇ ಬೇಕಿತ್ತಂತೆ.”

ತಾತ ಚಿನ್ನದ ಗಣಿಯ ದೊರೆಯೊಬ್ಬನ ಬಂಗಲೆಯಲ್ಲಿ ತೋಟದ ಆಳು. ಮಣ್ಣಿನ ಮೇಲೆ ಕಡ್ಡಿಯಲ್ಲಿ ಹೂ ಗೀಚುತ್ತಿದ್ದವನ ಕೈಗೆ ದೊರೆಸಾನಿ ಅಳಿಲಿನ ಕೂದಲ ಕುಂಚ ಕೊಟ್ಟಳು. ತೋಟದಲ್ಲಿ ಅರಳಿದ್ದನ್ನೆಲ್ಲ ಬರೆಸಿದಳು. ಕೈ ಪಳಗಲೆಂದು ಮೊದಲು ಬರೆದ ಹಾಳೆ ಅವನಿಗೆ, ಆಮೇಲೆ ಬರೆದದ್ದು ಅವಳಿಗೆ. ಅವಳ ಪಾಲು ಹಡಗು ಹತ್ತಿತು. ಇವನ ಪಾಲು ಎತ್ತಿನ ಗಾಡಿಯಲ್ಲಿ ಊರಿಗೆ ಬಂತು.

“ಕಿತ್ತ ಹೂ ಯಾರನ್ನೂ ಕಾಯಲ್ಲ ಕಣೇ,” ಎಂದು ಗಂಗುಲಪ್ಪ ತಾತನ ಮಾತನ್ನು ತನ್ನದೇ ಮಾತಿನಂತೆ ಹೇಳುತ್ತಿದ್ದ. “ಅದಕ್ಕೇ ಮೊದ್ಲು ದಳದ ಬಣ್ಣ ಹಿಡ್ಕೋಬೇಕು. ಎಲೆ ಕಾಂಡ ಸಾಯಂಕಾಲದವರ್ಗೂ ಇರ್ತವೆ.”

ಒಂದು ಹಾಳೆಗೆ ಮಾತ್ರ ಬಣ್ಣವಿರಲಿಲ್ಲ. ನಾಡಿನ ಸೇವಂತಿಗೆ, ಬರೀ ಸೀಸದಕಡ್ಡಿಯ ಗೆರೆ. ಅದನ್ನು ಬರೆಯುವಾಗ ದೊರೆಸಾನಿ ತನ್ನ ಊರಿಗೆ ಹೊರಟುಬಿಟ್ಟಳಂತೆ, ಬಣ್ಣದ ಡಬ್ಬಿಯೂ ಅವಳ ಜೊತೆಯಲ್ಲೇ ಹೋಯಿತಂತೆ. ಬಗ್ಗಿ ನೋಡುತ್ತಿದ್ದ ಭಾರತಮ್ಮನ ಬೆರಳಲ್ಲಿ ಅಡುಗೆಮನೆಯ ಅರಿಸಿನವಿತ್ತು. ಏನು ತೋಚಿತೋ, ಒಂದು ದಳದ ಮೇಲೆ ಬೆರಳಿಟ್ಟೇಬಿಟ್ಟಳು. ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿದಳು.

ಗಂಗುಲಪ್ಪ ಅವಳ ಬೆರಳು ಹಿಡಿದುಕೊಂಡ. “ಹಿಂಗಲ್ಲ. ಬುಡದಿಂದ ತುದಿಗೆ ಎಳೀಬೇಕು. ಅಂಚು ದಾಟ್ಬಾರ್ದು.”

ಒಂದು ದಳ ಹಳದಿಯಾಯಿತು.

“ಉಳ್ದಿದ್ದು?”

“ಮುಂದಿನ ವರ್ಷ.”

ಮುಂದಿನ ವರ್ಷ ವೆಂಕಟ್ ಹುಟ್ಟಿದ. ಆಮೇಲೆ ಬಾವಿ ತೋಡಿಸಿದರು, ಆಮೇಲೆ ಗಂಗುಲಪ್ಪನ ತಂಗಿ ಶ್ಯಾಮಲಳ ಮದುವೆ ಬಂತು. ಗಂಗುಲಪ್ಪ ಸೇವಂತಿಗೆ ಬೆಳೆದ, ಮಾರಿದ, ಬೆಳೆದ, ಮಾರಿದ. ಹಾಳೆಯ ಸೇವಂತಿಗೆ ಒಂದೇ ದಳದಲ್ಲಿ ನಿಂತಿತ್ತು.

*

ಹಾಸಿಗೆಯ ಉರುಳೆಯನ್ನು ಅಂಗಳದ ಮೂಲೆಗೆ ತಂದಿಟ್ಟು ಚಂದ್ರಮೋಹನ ಒಳಗೆ ಬಂದ. ಗಂಗುಲಪ್ಪನ ಸತ್ತುಹೋದ ತಮ್ಮನ ಮಗ; ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವನು. ಪ್ರಮಾಣದ ದಿನದಿಂದ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಈಗ ದೊಡ್ಡಪ್ಪನ ಪಾದ ಎರಡೂ ಕೈಯಲ್ಲಿ ಹಿಡಿದು, ದಪ್ಪ ಮೈ ಅದುರುವ ಹಾಗೆ ಅತ್ತ.

“ನಿನ್ನ ಮಾತು ನಂಬ್ದೆ ದೇವ್ರ ಮುಂದೆ ನಿಲ್ಲಿಸ್ದೆನಲ್ಲೋ ದೊಡ್ಡಪ್ಪಾ! ನಿನ್ ಕೈ ಸುಡಿಸ್ದೆನಲ್ಲೋ! ಹಾಳಾದ್ ಕಾಗ್ದಕ್ಕೆ!”

“ಆಯ್ತು ಬಿಡೋ, ಆಗಿದ್ದಾಯ್ತು,” ಎಂದು ಕದಿರಪ್ಪ ಅವನ ಬೆನ್ನು ಸವರಿದ. “ಸತ್ತೋನ ಹಾಸಿಗೆ ಮುಟ್ಟೋಕೆ ಯಾರೂ ಮುಂದೆ ಬರಲ್ಲ, ನೀನ್ ಬಂದ್ಯಲ್ಲ. ಅದೇ ಪ್ರಾಯಶ್ಚಿತ್ತ ಅನ್ಕೋ.”

“ನಾನೇ ಹೊರ್ತೀನಿ, ನಾನೇ ಸುಡ್ತೀನಿ. ಇನ್ನೊಬ್ರ ಕೈಗೆ ಕೊಡಲ್ಲ.”

ಭಾರತಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವನ ಕೈಗೆ ಸಿಗಬಾರದೆಂದು ತಾನೇ ಆ ಮನುಷ್ಯ ಹಾಸಿಗೆಯೊಳಗೆ ಇಟ್ಟದ್ದು?

ಮಗನನ್ನು ಕರೆದಳು. ವೆಂಕಟ್ ಒದ್ದೆ ಪಂಚೆಯಲ್ಲಿ ನಡುಗುತ್ತಾ ಬಂದು ಬಗ್ಗಿದ. ಟೊಮ್ಯಾಟೊ ಬೆಳೆಗಾರ, ಒಳ್ಳೆಯವನು. ಆದರೆ ಅವನಿಗೆ ಹೇಳಿದರೆ ಊರ ತಮಟೆಗೆ ಹೇಳಿದಂತೆ ಎಂದು ಅವನಪ್ಪನೇ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

“ಹಾಸಿಗೆ ಸುಡೋದು ಬೇಡ ಅನ್ನಪ್ಪ,” ಎಂದು ಕಿವಿಯಲ್ಲಿ ಹೇಳಿದಳು.

“ಹಾಸಿಗೇನಾ? ಯಾಕಮ್ಮಾ?” ವೆಂಕಟನ ದನಿ ಅಂಗಳದವರೆಗೆ ಹೋಯಿತು. ಎಲ್ಲರೂ ತಿರುಗಿದರು. ಚಂದ್ರಮೋಹನನೂ ಒದ್ದೆ ಕಣ್ಣೆತ್ತಿ ನೋಡಿದ.

ಭಾರತಮ್ಮ ಆ ಕಣ್ಣು ನೋಡಿದಳು. ಆಮೇಲೆ ಗಂಡನ ಬಲ ಅಂಗೈ ನೋಡಿದಳು. ಕರ್ಪೂರದ ಕಲೆ ಇನ್ನೂ ಇತ್ತು, ಒಂದು ಹುಣಸೆ ಬೀಜದಷ್ಟು. ಈಗ ಬಾಯಿ ಬಿಟ್ಟರೆ, ಹೆಣ ಏಳುವ ಮೊದಲೇ, ಗಂಗುಲಪ್ಪ ಸುಳ್ಳು ಪ್ರಮಾಣದವನಾಗುತ್ತಾನೆ. ಅವನ ಮೊಳವೂ ಸುಳ್ಳಾಗುತ್ತದೆ.

“ಅದು ನಿಮ್ಮಪ್ಪನ ಹಾಸಿಗೆ ಕಣೋ,” ಎಂದಳು. ಅಷ್ಟೇ ಬಂದದ್ದು.

ಕದಿರಪ್ಪ ಮೆತ್ತಗೆ ಹೇಳಿದ: “ಇಟ್ಕೋಬಾರ್ದು ತಾಯಿ. ಹೋದೋರ ಹಾಸಿಗೆ ಮನೇಲಿದ್ರೆ ಅವ್ರು ಮಲಗೋಕೆ ವಾಪಸ್ ಬರ್ತಾರೆ.”

“ಬರ್ಲಿ ಬಿಡಪ್ಪಾ. ಬಂದ್ರೆ ನಾನೇನು ಬೇಡ ಅಂತೀನಾ?”

ಅವಳು ನಿಜಕ್ಕೂ ಕೇಳಿದ್ದಳು. ಆದರೆ ಆ ಮಾತಿಗೆ ಪಡಸಾಲೆಯೇ ಕರಗಿತು. ಶ್ಯಾಮಲಮ್ಮ ಬಂದು ಅತ್ತಿಗೆಯ ಕೊರಳಿಗೆ ಬಿದ್ದು ತೆಲುಗು ಬೆರೆಸಿ ಅತ್ತಳು. “ಅಯ್ಯೋ ವದಿನಾ! ಎಂಥಾ ಮಾತಾಡ್ದೆ! ವೆಳ್ಳಿಪೋಯಾವಾ ಅನ್ನಾ, ಹೆಂಡ್ತಿ ಕರೀತಾವ್ಳೆ ಹೊರಟೋದ್ಯಾ ಅಣ್ಣಾ!” ಹೆಂಗಸರೆಲ್ಲ ದನಿಗೂಡಿಸಿದರು. ಭಾರತಮ್ಮ ಇನ್ನೊಂದು ಸಲ “ಹಾಸಿಗೆ” ಎಂದಳು. ಅವರು ಇನ್ನೂ ಜೋರಾಗಿ ಅತ್ತರು. ಗಂಡ ಸತ್ತವಳು ಆ ದಿನ ಏನು ಹೇಳಿದರೂ ಅಳುವೇ. ಯಾರೂ ಅದರಲ್ಲಿ ಬೇರೆ ಅರ್ಥ ಹುಡುಕುವುದಿಲ್ಲ.

*

ಹಿಂದೊಮ್ಮೆ ಚಂದ್ರಮೋಹನ ಹಳೇ ಸಾಮಾನು ಕೊಳ್ಳುವ ಒಬ್ಬನನ್ನು ಕಾರಿನಲ್ಲಿ ಕರೆತಂದಿದ್ದ. ಕೈಗೆ ಬಿಳಿ ಗವಸು ಹಾಕಿಕೊಂಡು ಆ ಮನುಷ್ಯ ಹಾಳೆಗಳನ್ನು ಎರಡು ಗುಂಪು ಮಾಡಿದ. ಗುಲಾಬಿ, ಡೇಲಿಯಾ ಒಂದು ಕಡೆ. ಬಣ್ಣ ಕಡಿಮೆಯವು, ಬೇರೇ ಹೆಚ್ಚಾಗಿದ್ದವು ಇನ್ನೊಂದು ಕಡೆ. “ಹೋಟೆಲ್ ರೂಮುಗಳಿಗೆ ಫ್ರೇಮ್ ಹಾಕ್ತಾರೆ. ಕೆಳಗಿನ ಈ ಬೀಜ ಗೀಜ ಕಟ್ ಮಾಡಿದ್ರೆ ಸೈಜ್ ಸರಿಹೋಗುತ್ತೆ.”

ಗಂಗುಲಪ್ಪ ಎರಡು ಗುಂಪನ್ನೂ ಮತ್ತೆ ಒಂದು ಮಾಡಿ ಪೆಟ್ಟಿಗೆ ಮುಚ್ಚಿದ.

“ನಿನಗೊಬ್ನಿಗೇ ತಾತ ಅಲ್ಲ ದೊಡ್ಡಪ್ಪ. ನನಗೂ ಮುತ್ತಾತ,” ಎಂದಿದ್ದ ಚಂದ್ರಮೋಹನ. ಅದೂ ನಿಜವೇ. ಅವನು ಕೆಟ್ಟವನಲ್ಲ, ವ್ಯಾಪಾರಿ. ಮಾವಿನಕಾಯಿಯನ್ನು ಗಾತ್ರ ನೋಡಿ ವಿಂಗಡಿಸಿದ ಹಾಗೆಯೇ ಇದೂ ಅವನಿಗೆ. ಜಗಳ ಎರಡು ಮಳೆಗಾಲ ನಡೆಯಿತು. ಕೊನೆಗೆ ಒಂದು ದಿನ ಗಂಗುಲಪ್ಪ ಗೆದ್ದಲು ಕೊರೆದ ಖಾಲಿ ಪೆಟ್ಟಿಗೆಯನ್ನು ಅಂಗಳಕ್ಕೆ ಎಸೆದು, “ಎಲ್ಲಾ ತಿಂದ್ಬಿಡ್ತು, ತಗೋ,” ಎಂದ. ಗೆದ್ದಲು ಬಂದದ್ದು ನಿಜ. ತಿಂದದ್ದು ಪೆಟ್ಟಿಗೆಯನ್ನು ಮಾತ್ರ.

ಚಂದ್ರಮೋಹನ ನಂಬಲಿಲ್ಲ. ಕುರುಡುಮಲೆಗೆ ನಡಿ ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಗುಲಪ್ಪ ಸುಟ್ಟ ಅಂಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದ. ಭಾರತಮ್ಮ ಕೇಳಿದಳು: “ದೇವ್ರ ಮುಂದೆ ಹಂಗ್ ಮಾಡ್ಬಿಟ್ರಲ್ಲ?”

“ಬೀಳೋದಾದ್ರೆ ನನ್ ಮೇಲೆ ಬೀಳ್ಲಿ. ಬೇರು ಕತ್ತರಿಸ್ತಾರಂತೆ ಕಣೇ.”

ಅಂದಿನಿಂದ ಅವನು ಆ ಗುಡಿಯ ಒಳಗೆ ಕಾಲಿಡಲಿಲ್ಲ. ಹೋದರೂ ಹೊರಗೇ ಕಾಯಿ ಒಡೆದು ಬರುತ್ತಿದ್ದ.

ಹಾಳೆ ಸುರುಳಿಯಾಗದೆ ಇರಬೇಕಾದರೆ ಮೇಲೆ ಸದಾ ಭಾರ ಬೇಕು. “ನನ್ ಮೈಗಿಂತ ಒಳ್ಳೆ ಭಾರ ಎಲ್ಲೈತೆ?” ಎಂದವನು ಅವನೇ. ಭಾರತಮ್ಮ ದಬ್ಬಳ ಹಿಡಿದು ಹೊಲಿದಳು. ಅವನು ಮಗ್ಗುಲಾಗುವಾಗೆಲ್ಲ ಹಾಸಿಗೆ ಚರಪರ ಎನ್ನುತ್ತಿತ್ತು. “ಜೀವಮಾನವೆಲ್ಲ ಹೂ ಮಾರ್ದೆ, ಈಗ ಹೂವಿನ ಮೇಲೆ ಮಲಗ್ದೆ. ದೊರೆಗೂ ಇಲ್ಲ ಇಂಥಾ ಸುಖ,” ಎಂದು ನಗುತ್ತಿದ್ದ. ಅವನು ಸತ್ತ ಮೇಲೆ ಆ ಹಾಸಿಗೆಯ ಗತಿ ಏನು ಎಂದು ಇಬ್ಬರೂ ಯೋಚಿಸಲಿಲ್ಲ. ಊರಿನಲ್ಲಿ ಎಷ್ಟೋ ಸಾವುಗಳಿಗೆ ಹೋಗಿದ್ದರು, ಎಷ್ಟೋ ಹಾಸಿಗೆ ಉರಿಯುವುದನ್ನು ಕಂಡಿದ್ದರು. ಆದರೂ ತಮ್ಮದೂ ಒಂದು ದಿನ ಹಾಗೆಯೇ ಹೋಗುತ್ತದೆಂದು ಹೊಳೆಯಲೇ ಇಲ್ಲ. ತಮ್ಮ ಹಾಸಿಗೆ ಯಾರಿಗೂ ಸತ್ತವರ ಹಾಸಿಗೆಯಂತೆ ಕಾಣುವುದಿಲ್ಲ.

*

ತಮಟೆ ಶುರುವಾಯಿತು. ಚಟ್ಟ ಎದ್ದಿತು. ವೆಂಕಟ್ ಹೆಗಲಿಗೆ ಮಡಕೆ ಹೊತ್ತು ಮುಂದೆ ನಡೆದ; ಮಡಕೆ ಹೊತ್ತವನು ತಿರುಗಿ ನೋಡಬಾರದು. ಎಲ್ಲರ ಹಿಂದೆ, ಹತ್ತು ಮಾರು ದೂರ ಬಿಟ್ಟು, ಚಂದ್ರಮೋಹನ ತಲೆಯ ಮೇಲೆ ಹಾಸಿಗೆ ಹೊತ್ತು ಹೋದ. ಬೀದಿಯ ತಿರುವಿನಲ್ಲಿ ಉರುಳೆ ಜಾರಿತು. ಅವನು ನಿಂತು, ಮಗುವನ್ನು ಸರಿಪಡಿಸಿಕೊಂಡ ಹಾಗೆ ಎರಡು ಕೈಯಿಂದ ಎತ್ತಿಟ್ಟುಕೊಂಡ.

ಹೆಂಗಸರು ಹೊಸ್ತಿಲಿನಿಂದಲೇ ಹಿಂತಿರುಗಿದರು. ಯಾರೋ ಮನೆ ತೊಳೆಯಲು ನೀರು ಸುರಿದರು. ಸೊಸೆ ರಂಜಿತ ಪೊರಕೆ ಹಿಡಿದು ಹತ್ತಿರ ಬಂದಾಗ ಭಾರತಮ್ಮ ಅವಳ ಸೆರಗು ಹಿಡಿದೆಳೆದು, ಅಡುಗೆಮನೆಯ ಮೂಲೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ಹೇಳುವಾಗ ಒಂದು ಹನಿ ಕಣ್ಣೀರು ಬರಲಿಲ್ಲ.

ರಂಜಿತ ಚುರುಕು ಹೆಂಗಸು. “ಮೊದ್ಲೇ ಹೇಳ್ಬಾರ್ದಾ ಅತ್ತೆ!” ಎಂದವಳೇ ಫೋನ್ ತೆಗೆದು ಗಂಡನಿಗೆ ಮಾಡಿದಳು. ಗೋಡೆಯ ಗೂಡಿನಲ್ಲಿ, ದೇವರ ಪಟದ ಹಿಂದೆ, ವೆಂಕಟನ ಫೋನ್ ಹಾಡಿತು. ಒದ್ದೆ ಪಂಚೆಯಲ್ಲಿ ಹೊರಟವನು ಫೋನ್ ಎಲ್ಲಿ ಇಟ್ಟುಕೊಳ್ಳಬೇಕು?

“ಕದಿರಪ್ಪಣ್ಣ?”

“ಅವ್ನ ಹತ್ರ ಎಲ್ಲೈತೆ ಫೋನು.”

“ಹಂಗಾದ್ರೆ...” ರಂಜಿತ ಬೆರಳಾಡಿಸಿ ಒಂದು ಹೆಸರಿನ ಮೇಲೆ ನಿಂತಳು. “ಚಂದ್ರಣ್ಣಂಗೇ ಮಾಡ್ಲಾ ಅತ್ತೆ? ಅವ್ರ ಕೈಲೇ ಐತಲ್ಲ ಹಾಸಿಗೆ. ಒಂದ್ ಮಾತು ಹೇಳಿದ್ರೆ ನಿಲ್ಲಿಸ್ತಾರೆ.”

ಭಾರತಮ್ಮನಿಗೆ ಮಾಡು ಎನ್ನಲೂ ಬಾಯಿ ಬರಲಿಲ್ಲ, ಬೇಡ ಎನ್ನಲೂ ಬರಲಿಲ್ಲ. ಮಾಡು ಎಂದರೆ ಮಣ್ಣಾಗುವ ಮೊದಲೇ ಗಂಡನನ್ನು ತಾನೇ ಸುಳ್ಳುಗಾರ ಎಂದಂತೆ. ಬೇಡ ಎಂದರೆ ಅವನು ಯಾವುದಕ್ಕಾಗಿ ಸುಳ್ಳುಗಾರನಾದನೋ ಅದನ್ನು ತಾನೇ ಸುಟ್ಟಂತೆ. ರಂಜಿತಳ ಹೆಬ್ಬೆರಳು ಗಾಜಿನ ಮೇಲೆ ನಿಂತೇ ಇತ್ತು. ಬೆಳಕು ಆರಿತು. ಅವಳು ಮತ್ತೆ ತಟ್ಟಿ ಬೆಳಗಿಸಿದಳು.

“ಅತ್ತೇ, ಹೇಳಿ.”

ಹಿತ್ತಲ ಬಾಗಿಲು ತೆರೆದಿತ್ತು. ಮಾವಿನ ತೋಪಿನ ಆಚೆ, ಗುಣಿ ತೋಡಿದ ಹೊಲದ ಕಡೆಯಿಂದ ಹೊಗೆ ಎದ್ದಿತು. ಮೊದಲು ಬೆಳ್ಳಗೆ, ಅದು ಹತ್ತಿಯ ಹೊಗೆ. ಸ್ವಲ್ಪ ಹೊತ್ತಿಗೆ ಕಪ್ಪಾಯಿತು. ಮತ್ತೆ ಯಾಕೋ ತೆಳುವಾಗಿ, ನೀಲಿಯಾಗಿ, ನೆಟ್ಟಗೆ ಮೇಲೆ ಹೋಯಿತು.

ರಂಜಿತ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಪೊರಕೆ ತೆಗೆದುಕೊಂಡಳು.

*

ಗಂಡಸರು ಹೊಲದ ಪಂಪಿನಲ್ಲಿ ಮಿಂದು ಬಂದರು. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿತ್ತು. ಒಬ್ಬೊಬ್ಬರೇ ಒಳಗೆ ಬಂದು, ದೀಪ ನೋಡಿ, ಕೈಮುಗಿದು, ಮಾತಾಡದೆ ಹೊರಗೆ ಹೋದರು. ದೀಪದ ಪಕ್ಕ ಭಾರತಮ್ಮ ಗೋಡೆಗೆ ಒರಗಿ ಕುಳಿತಿದ್ದಳು.

ಚಂದ್ರಮೋಹನ ಎಲ್ಲರಿಗಿಂತ ಕೊನೆಯಲ್ಲಿ ಬಂದ. ಬಲಗೈ ಮೇಲೆ ಒದ್ದೆ ಟವಲು ಹೊದಿಸಿಕೊಂಡಿದ್ದ.

“ಬೈಕಿನ ಪೆಟ್ರೋಲ್ ಹಾಕ್ಬೇಡ ಅಂದೆ, ಕೇಳ್ಳಿಲ್ಲ,” ಎಂದು ಕದಿರಪ್ಪ ಬಾಗಿಲಿಂದಲೇ ಬೈದ. “ನಾವ್ ಗುಣಿ ಹತ್ರ ಮಣ್ಣು ಹಾಕ್ತಿದ್ವಿ. ತಿರುಗಿ ನೋಡ್ತೀನಿ, ಇವ್ನು ಬೆಂಕಿಯೊಳಕ್ಕೆ ಕೈ ಹಾಕ್ತಾವ್ನೆ! ಹುಚ್ಚು ಹಿಡಿದೋನಂಗೆ! ಏನ್ಲಾ ಬಿಟ್ಟಿದ್ದೆ ಅದ್ರಲ್ಲಿ, ಬಂಗಾರನಾ?”

ಚಂದ್ರಮೋಹನ ಟವಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ. ದೀಪ ನೋಡಿದ. ಆಮೇಲೆ ಭಾರತಮ್ಮನನ್ನು ನೋಡಿದ. ಅವನ ರೆಪ್ಪೆಯ ಕೂದಲು ಸೀದು ಮುರುಟಿತ್ತು. ಅವಳು ಕಣ್ಣು ತಪ್ಪಿಸಲಿಲ್ಲ. ಇನ್ನೇನು ಬರುತ್ತದೆ, ಎಲ್ಲರ ಮುಂದೆ ಬರುತ್ತದೆ, ಬರಲಿ ಎಂದು ಕಾದಳು. ತಡೆಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ರಂಜಿತ ಬಂದು ನಿಂತಳು.

“ಏನೋ ಚಂದ್ರಾ?” ಶ್ಯಾಮಲಮ್ಮ ಕೇಳಿದಳು. “ಏನಿತ್ತೋ ಅಣ್ಣನ ಹಾಸಿಗೇಲಿ?”

ಚಂದ್ರಮೋಹನ ಮತ್ತೆ ದೀಪದ ಕಡೆ ತಿರುಗಿದ.

“ಗೆದ್ದಲು,” ಎಂದ. “ಗೆದ್ದಲು ಹಿಡಿದಿತ್ತು ಅತ್ತೆ. ದೊಡ್ಡಪ್ಪ ಹೇಳಿದ್ದು ಸರಿಯಾಗೇ ಇತ್ತು.”

“ಅದಕ್ಯಾಕೋ ಕೈ ಹಾಕ್ದೆ, ಪೆದ್ದಾ!” ಎಂದು ಗೊಣಗುತ್ತಾ ಕದಿರಪ್ಪ ಎಲೆ ಅಡಿಕೆ ಹುಡುಕಿಕೊಂಡು ಜಗಲಿಗೆ ಹೋದ. ಶ್ಯಾಮಲಮ್ಮ ಹಿತ್ತಲಿಗೆ ನೀರು ಕಾಯಿಸಲು ಎದ್ದಳು.

ಚಂದ್ರಮೋಹನ ದೀಪದ ಎದುರು ಕುಸಿದು ಕುಳಿತ. ಏನೋ ಹೇಳಲು ನೋಡಿದ. “ದೊಡ್ಡಮ್ಮ, ಒಂದೂ... ಒಂದೂ ಕೈಗೆ...” ಎಂದು ಅಲ್ಲಿಗೇ ನಿಲ್ಲಿಸಿದ.

ಭಾರತಮ್ಮ ಟವಲು ಸರಿಸಿದಳು. ಕೈ ಕೆಂಪಗೆ ಉಬ್ಬಿತ್ತು. ಬೆರಳುಗಳ ಚರ್ಮ ಅಲ್ಲಲ್ಲಿ ಬಿಳುಚಿ, ನೆರಿಗೆಗಟ್ಟಿತ್ತು. ಅವಳು ಬೆಳಗ್ಗೆಯಿಂದ ಪಕ್ಕದಲ್ಲೇ ಇದ್ದ ಅರಿಸಿನದ ಬಟ್ಟಲನ್ನು ಎಳೆದುಕೊಂಡು, ದೀಪದ ಎಣ್ಣೆ ನಾಲ್ಕು ಹನಿ ಅದಕ್ಕೆ ಬಸಿದು ಕಲಸಿದಳು.

“ಬಿಡ್ಸೋ ಕೈ.”

ಅವನು ಬೆರಳು ಬಿಡಿಸಿ ದೀಪದ ಬೆಳಕಿಗೆ ಹಿಡಿದ. ಅವಳು ಹೆಬ್ಬೆರಳಿನಿಂದ ಶುರುಮಾಡಿದಳು. ಒಂದಾದ ಮೇಲೆ ಒಂದು, ಬುಡದಿಂದ ತುದಿಗೆ, ಅಂಚು ದಾಟದ ಹಾಗೆ.